ಫಿಯೆಟ್ಟಿಗೆ ಪಚ್ಚಿಲೆ ಲೇಪ

“ಇವತ್ತಿಂದ ನಮ್ಮ ಕೋಡಿಯಲ್ಲಿ ತುಕ್ಕು ಎನ್ನುವ ಮಾತೇ ಇಲ್ಲ” ಎಂದು ಧೂಮಪ್ಪ ಭಾವ ಅಂಗಳದ ನಡುವೆ ನಿಂತು ಘೋಷಿಸಿದರು. ಕೇಳಲು ನಾವು ಮೂವರಿದ್ದೆವು. ಭಾವನ ಹೆಂಡತಿ, ಅಂದರೆ ನನ್ನ ಅಕ್ಕ ಸುಗಂಧಿ. ಅವರ ಪಕ್ಕದ ಮನೆಯ ಲಿಲ್ಲಿಬಾಯಿ. ಇನ್ನೊಂದು ಪಕ್ಕದ ಮನೆಯವನಾದ ನಾನು.

ಕೋಡಿಯೆಂದರೆ ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ, ನಡುವೆ ಒಂದು ರಸ್ತೆ, ರಸ್ತೆಯ ಇಕ್ಕೆಲದಲ್ಲಿ ನಾವು. ಇಲ್ಲಿನ ಗಾಳಿಯಲ್ಲಿ ಎಷ್ಟು ಉಪ್ಪಿದೆಯೆಂದರೆ ಸಾರಿಗೆ ಬೇರೆ ಉಪ್ಪು ಹಾಕುವುದು ಬರೀ ಅಭ್ಯಾಸಬಲದಿಂದ. ಹೊಸ ಬೀಗ ತಂದರೆ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಅದನ್ನು ತೆರೆಯಲು ಕೀಲಿಕೈ ಬೇಕಾಗುವುದಿಲ್ಲ, ಕೈಯಲ್ಲಿ ಹಿಂಡಿದರೆ ಸಾಕು. ಹೈಸ್ಕೂಲಿನಲ್ಲಿ ಚರಿತ್ರೆ ಕಲಿಸಿ ನಿವೃತ್ತನಾದ ನನಗೆ ಸಾಮ್ರಾಜ್ಯಗಳು ಯಾಕೆ ಬಿದ್ದವೆಂದು ಪುಸ್ತಕ ನೋಡಿ ತಿಳಿಯಬೇಕಾಗಿರಲಿಲ್ಲ. ನಮ್ಮ ಮನೆಯ ಗೇಟು ನೋಡಿದರೆ ಗೊತ್ತಾಗುತ್ತಿತ್ತು.

ಭಾವನ ಹಿಂದೆ ಯಂತ್ರ ನಿಂತಿತ್ತು. ಬಾಗಿಲು ಮುಚ್ಚಿದ ಐಸ್ ಪ್ಲಾಂಟಿನಿಂದ ತಂದ ಕಂಪ್ರೆಸರ್, ಕೆಟ್ಟುಹೋದ ವ್ಯಾಕ್ಯೂಮ್ ಕ್ಲೀನರಿನ ಕೊಳವೆ, ತೆಂಗಿನ ಮರಕ್ಕೆ ಮದ್ದು ಹೊಡೆಯುವ ಪಂಪಿನ ಮೂತಿ, ಮೀನು ತುಂಬುವ ನೀಲಿ ಡ್ರಮ್ಮು. ಎಲ್ಲವನ್ನೂ ಬಲೆ ಕಟ್ಟುವ ನೈಲಾನ್ ಹಗ್ಗದಿಂದ ಬಿಗಿದಿದ್ದರು. ಜೀವಮಾನವಿಡೀ ದೋಣಿ ಕಟ್ಟಿ, ದೋಣಿಯ ಇಂಜಿನ್ ರಿಪೇರಿ ಮಾಡಿದ ಮನುಷ್ಯ. ಹಗ್ಗ ಬಿಗಿದರೆ ಬಿಚ್ಚುವುದು ಯಮನಿಗೂ ಕಷ್ಟ.

“ತೋರಿಸಿ ನೋಡುವ” ಎಂದರು ಲಿಲ್ಲಿಬಾಯಿ. “ನಾನು ಪ್ರಾರ್ಥನೆಗೆ ಇಗರ್ಜಿಗೆ ಹೋಗ್ಲಿಕ್ಕೆ ಉಂಟು.”

ಭಾವ ಒಂದು ಹಳೆಯ ಲಂಗರನ್ನು ಎಳೆದು ತಂದರು. ಮುಟ್ಟಿದರೆ ಪುಡಿ ಉದುರುವಷ್ಟು ತುಕ್ಕು. ಸ್ವಿಚ್ ಒತ್ತಿದಾಗ ಕಂಪ್ರೆಸರ್ ನಾಲ್ಕು ಸಲ ಕೆಮ್ಮಿ, ಮೂತಿಯಿಂದ ಬೂದು ಬಣ್ಣದ ಲೋಳೆಯೊಂದನ್ನು ಲಂಗರಿನ ಮೇಲೆ ಉಗುಳಿತು. ವಾಸನೆಗೆ ನಾವೆಲ್ಲ ಮೂಗು ಮುಚ್ಚಿಕೊಂಡೆವು. ಆಮೇಲೆ ಆ ಲೋಳೆ ತಾನಾಗಿಯೇ ಹರಿಯತೊಡಗಿತು. ಇಳಿಜಾರಿಗೆ ಹರಿದರೆ ನಾನೇನೂ ಹೇಳುತ್ತಿರಲಿಲ್ಲ. ಅದು ಏರಿಗೆ ಹರಿಯಿತು. ತುಕ್ಕು ಇದ್ದ ಕಡೆಗೆ ಹುಡುಕಿಕೊಂಡು ಹೋಯಿತು. ನಾವು ಚಾ ಕುಡಿದು ಮುಗಿಸುವಷ್ಟರಲ್ಲಿ ಲಂಗರು ಹಸಿರುಗಪ್ಪು ಬಣ್ಣದಲ್ಲಿ ಹೊಳೆಯುತ್ತಿತ್ತು. ಭಾವ ಸ್ಪ್ಯಾನರಿನಿಂದ ಬಡಿದರು. ಗಂಟೆಯ ಹಾಗೆ ಠಣ್ಣೆಂದಿತು.

“ಪಚ್ಚಿಲೆ” ಎಂದರು ಭಾವ, ಗಂಭೀರವಾಗಿ.

ಪಚ್ಚಿಲೆ ಗೊತ್ತಿಲ್ಲದವರಿಗೆ ಹೇಳಬೇಕು. ಕಡಲ ಬಂಡೆಗಳಿಗೆ ಕಚ್ಚಿಕೊಂಡು ಬೆಳೆಯುವ, ಎರಡು ಚಿಪ್ಪಿನ ಪ್ರಾಣಿ. ನಮ್ಮಲ್ಲಿ ತೆಂಗಿನತುರಿ ಹಾಕಿ ಅದರ ಸುಕ್ಕ ಮಾಡುತ್ತಾರೆ. ಭಾವ ಅದರಿಂದ ಬೇರೇನೋ ಮಾಡಿದ್ದರು.

“ಎಂಥ ತೆರೆ ಬಂದ್ರೂ ಅದು ಬಂಡೆ ಬಿಡುದಿಲ್ಲ, ನೋಡಿದ್ದೀರಲ್ಲ? ಅದರ ಅಂಟು ಗಟ್ಟಿಯಾಗ್ಲಿಕ್ಕೆ ಕಬ್ಬಿಣ ಬೇಕು. ಕಡಲ ನೀರಿಂದ ಹೆಕ್ಕಿ ಹೆಕ್ಕಿ ತೆಗಿತದೆ. ನಾನು ಆ ಅಂಟನ್ನೇ ಡ್ರಮ್ಮಲ್ಲಿ ಸಾಕಿದೆ, ತುಕ್ಕು ತಿನ್ನಿಸಿ.”

“ಸಾಕಿದ್ದಾ?” ಎಂದೆ.

“ಜೀವ ಉಂಟು ಅದಕ್ಕೆ. ಸ್ವಲ್ಪ ಮೆಲ್ಲ ಮಾತಾಡು ಸದಾನಂದ.”

ಅಕ್ಕ ಮಾತ್ರ ಲಂಗರನ್ನು ನೋಡುತ್ತಿರಲಿಲ್ಲ. ಅಂಗಳದ ಆಚೆ ತುದಿಯಲ್ಲಿ, ಹೊಂಡದ ಮೇಲೆ ಅಡ್ಡ ಹಾಕಿದ ಎರಡು ತೆಂಗಿನ ದಿಮ್ಮಿಗಳ ಮೇಲೆ ನಿಂತ ಕಾರನ್ನು ನೋಡುತ್ತಿದ್ದಳು. “ಇದಾದ ಮೇಲೆ ಕೀ ಕೊಡ್ತೀರಾ?” ಎಂದು ಕೇಳಿದಳು.

“ತುಕ್ಕು ಮುಗಿಯಲಿ ಸುಗಂಧಿ” ಎಂದರು ಭಾವ.

ಆ ಉತ್ತರಕ್ಕೆ ಅವರ ಮದುವೆಯಷ್ಟೇ ವಯಸ್ಸಾಗಿತ್ತು.

ಕಾರು ನಮ್ಮ ಅಪ್ಪನದು. ಹಾಲಿನ ಬಣ್ಣದ ಹಳೆಯ ಫಿಯೆಟ್, ಸ್ಟೇರಿಂಗಿನ ಬದಿಯಲ್ಲೇ ಗೇರು. ಅಪ್ಪ ಮೀನಿನ ವ್ಯಾಪಾರದಲ್ಲಿ ಚೆನ್ನಾಗಿದ್ದ ಕಾಲದಲ್ಲಿ ತೆಗೆದದ್ದು. ನಮ್ಮದು ಅಳಿಯ ಸಂತಾನದ ಕಟ್ಟು, ಮನೆ ಹೆಣ್ಣುಮಕ್ಕಳಿಗೆ. ಹಾಗಾಗಿ ಮನೆ ಅಕ್ಕನಿಗೆ ಬಂತು, ಅಂಗಳ ಬಂತು, ಬಾವಿ ಬಂತು, ಕಾರೂ ಬಂತು. ಕಾರಿನ ಕೀ ಮಾತ್ರ ಮದುವೆಯ ಮರುದಿನ ಭಾವನ ಅಂಗಿಯ ಕಿಸೆ ಸೇರಿದ್ದು, ಮತ್ತೆ ಹೊರಗೆ ಬರಲಿಲ್ಲ. ಪ್ರತಿ ಭಾನುವಾರ ಭಾವ ಕಾರನ್ನು ಸ್ಟಾರ್ಟ್ ಮಾಡಿ ಗೇಟಿನವರೆಗೆ ಕೊಂಡುಹೋಗಿ, ಹಿಂದಕ್ಕೆ ತಂದು, ಕೆಳಗೆ ಬಗ್ಗಿ ನೋಡಿ, ತಲೆ ಅಲ್ಲಾಡಿಸುತ್ತಿದ್ದರು. ಅಕ್ಕ ಎಡಗಡೆಯ ಸೀಟಿನಲ್ಲಿ ಕೂತು ಗೇಟಿನವರೆಗೆ ಹೋಗಿ ಬರುತ್ತಿದ್ದಳು. ಅದನ್ನು ನೋಡಿದಾಗಲೆಲ್ಲ ನನಗೆ ಭಾವನ ಮೇಲೆ ಸಿಟ್ಟು ಬರುತ್ತಿತ್ತು.

ಭಾವನಿಗೆ ಗೊತ್ತಿಲ್ಲದ ಒಂದು ಸಂಗತಿ ಇತ್ತು. ಭಜನಾ ಮಂದಿರಕ್ಕೆ ಎಂದು ಹೇಳಿ ಅಕ್ಕ ಲಿಲ್ಲಿಬಾಯಿಯ ಜೊತೆ ಪೇಟೆಗೆ ಹೋಗಿ, ಡ್ರೈವಿಂಗ್ ಕಲಿತು, ಲೈಸೆನ್ಸ್ ತೆಗೆದುಕೊಂಡಿದ್ದಳು. ಮೊಮ್ಮಕ್ಕಳಿರುವ ಹೆಂಗಸು. ಲೈಸೆನ್ಸನ್ನು ಹಿಟ್ಟಿನ ಡಬ್ಬದಲ್ಲಿಟ್ಟಿದ್ದಳು. ಅಪ್ಪನ ಕಾರನ್ನು ಒಂದು ಸಲ ತಾನೇ ಬಿಡಬೇಕು, ಅಷ್ಟೇ ಅವಳ ಆಸೆ. ಆದರೆ ಕಾರಿಗಿಂತ ತುಕ್ಕು ಬೇಗ ಓಡುತ್ತಿತ್ತು. ಹಿಂದಿನ ವರ್ಷ ಒಂದು ಮಡ್‌ಗಾರ್ಡ್ ಬಿದ್ದಿತ್ತು. ಇನ್ನು ಹೆಚ್ಚು ಕಾಲ ಉಳಿಯುವ ಹಾಗಿರಲಿಲ್ಲ.

ಭಾವ ಸುಮ್ಮನೆ ಕೂತವರಲ್ಲ, ಅದನ್ನೂ ಹೇಳಬೇಕು. ಗ್ಯಾರೇಜಿಗೆ ಕೊಟ್ಟು ಅಂಡರ್‌ಕೋಟಿಂಗ್ ಮಾಡಿಸಿ ಎಂದರೆ, “ನಮ್ಮ ದೋಣಿಯ ಅಡಿಗೆ ಬೇರೆಯವ ಬಣ್ಣ ಹಾಕುದಾ?” ಎಂದು ಸಿಟ್ಟಾಗುತ್ತಿದ್ದರು. ಒಂದು ವರ್ಷ ಕಾರಿನ ಅಡಿಗೆಲ್ಲ ಬೂತಾಯಿ ಮೀನಿನ ಎಣ್ಣೆ ಬಳಿದರು. ಕೋಡಿಯ ಬೆಕ್ಕುಗಳೆಲ್ಲ ಕಾರಿನಡಿ ಸಂಸಾರ ಹೂಡಿದವು. ಇನ್ನೊಂದು ವರ್ಷ ಗೇರುಬೀಜದ ಸಿಪ್ಪೆಯ ಎಣ್ಣೆ. ಕಾರಿಗೆ ಏನೂ ಆಗಲಿಲ್ಲ, ಭಾವ ಮೈಮೇಲೆ ಬೊಬ್ಬೆ ಎದ್ದು ಬಾಳೆ ಎಲೆಯ ಮೇಲೆ ಮಲಗಿದರು. ಆಮೇಲೆ ಡಾಂಬರು. ಮೇ ತಿಂಗಳ ಬಿಸಿಲಿಗೆ ಅದು ಕರಗಿ ಲಿಲ್ಲಿಬಾಯಿಯ ಹುಂಜ ಅಂಟಿಕೊಂಡು, ಮೂರು ದಿನ ಫಿಯೆಟ್ಟಿನ ಕೆಳಗಿಂದಲೇ ಕೂಗಿತು.

ಈಗ ಪಚ್ಚಿಲೆ.

ಭಾವ ತಂತಿ ಬ್ರಶ್ಶು ಹಿಡಿದು ಹೊಂಡಕ್ಕಿಳಿದರು. ಸಡಿಲ ತುಕ್ಕನ್ನು ಉಜ್ಜಿ, ಉದುರಿದ್ದನ್ನು ಪ್ರೀತಿಯಿಂದ ಡ್ರಮ್ಮಿಗೆ ಹಾಕಿ, ಲೋಳೆಗೆ ಊಟ ಬಡಿಸಿದರು. ಒಳಗೆ ಲೇಪ ಹೋಗದಿರಲೆಂದು ಸೈಲೆನ್ಸರಿನ ಬಾಯಿಗೆ ತೆಂಗಿನ ಸಿಪ್ಪೆ ತುರುಕಿದರು. ನಾನು ಮೇಲಿನಿಂದ ಟಾರ್ಚ್ ಹಿಡಿದಿದ್ದೆ.

“ಭಾವ, ಡೋರಿನ ಅಡಿಯಲ್ಲಿ ಸಣ್ಣ ಸಣ್ಣ ತೂತು ಉಂಟಲ್ಲ, ಅದನ್ನು ಬಿಡಿ. ಮಳೆ ನೀರು ಇಳಿದು ಹೋಗ್ಲಿಕ್ಕೆ ಇಟ್ಟದ್ದು ಅದು.”

ಕೊಳವೆ ಸುಮ್ಮನಾಯಿತು. ಭಾವನ ತಲೆ ಹೊಂಡದಿಂದ ಮೇಲೆ ಬಂತು.

“ಎಂತ ಹೇಳಿದ್ದು ನೀನು? ಅಡಿಯಲ್ಲಿ ತೂತು ಬಿಡುದಾ?”

“ಕಾರಿನ ಕಂಪನಿಯವರೇ ಇಟ್ಟದ್ದು.”

“ಅವರು ಕಡಲು ನೋಡಿದ್ದಾರಾ?” ಎಂದರು ಭಾವ. “ಅಡಿಯಲ್ಲಿ ತೂತು ಅಂದ್ರೆ ಸಾವು. ಈ ಲೇಪಕ್ಕೆ ನಾನು ಮೊದಲು ಕಲಿಸಿದ್ದೇ ಅದು. ಡ್ರಮ್ಮಿಗೆ ಹಾಕುವ ಮೊದಲು ಒಡಕು ಮಡಕೆಗಳಲ್ಲಿ ಬೆಳೆಸಿದ್ದು ಇದನ್ನು. ಯಾವುದು ಒಡಕು ಮುಚ್ಚಿತೋ ಅದಕ್ಕೆ ಒಂದು ಚಮಚ ತುಕ್ಕು. ಮುಚ್ಚದ್ದಕ್ಕೆ ಉಪವಾಸ. ಈಗ ತೂತು ಕಂಡ್ರೆ ಇದಕ್ಕೆ ನಿದ್ದೆ ಬರುದಿಲ್ಲ.”

ಕಾರಿಗೂ ದೋಣಿಗೂ ವ್ಯತ್ಯಾಸ ಉಂಟು ಎಂದು ನಾನು ಹೇಳಿದೆ. ಭಾವ ಕೇಳಲಿಲ್ಲ. ನಮ್ಮವರಲ್ಲಿ ಯಾರೂ ಕೇಳುತ್ತಿರಲಿಲ್ಲ. ದೋಣಿಯ ಹಲಗೆಯ ಸಂದು ಮುಚ್ಚಿ ಬದುಕಿದ ಜನ. ಕಾರಿನಡಿಯ ಅಷ್ಟೂ ತೂತುಗಳನ್ನು ಭಾವ ಒಂದೊಂದಾಗಿ ಹುಡುಕಿ, ಮುಟ್ಟಿ ನೋಡಿ, ಲೇಪ ಹೊಡೆದರು. ಸಂಜೆಗೆ ಹೊಂಡದಿಂದ ಹೊರಬಂದಾಗ ಅವರ ಮುಖದಲ್ಲಿ ಹರಕೆ ತೀರಿಸಿದವರ ಶಾಂತಿ ಇತ್ತು.

ಬೆಳಿಗ್ಗೆ ನಾನು ಎದ್ದದ್ದು ಲಿಲ್ಲಿಬಾಯಿಯ ದನಿ ಕೇಳಿ.

“ಧೂಮಪ್ಪಣ್ಣ, ನನ್ನ ಗೇಟು ತೆಗಿಲಿಕ್ಕೆ ಆಗುದಿಲ್ಲ. ಗೇಟೇ ಇಲ್ಲ ಅದು. ಗೋಡೆ.”

ಹೋಗಿ ನೋಡಿದರೆ ಲೇಪ ರಾತ್ರಿಯೆಲ್ಲ ದುಡಿದಿತ್ತು. ಕಾರಿನ ಅಡಿಯ ತುಕ್ಕನ್ನು ತಿಂದು ಮುಗಿಸಿ, ದಿಮ್ಮಿಯ ಮೇಲಿಂದ ಇಳಿದು, ಊರಿಗೆ ಹೊರಟಿತ್ತು. ಭಾವನ ಮರದ ಗೇಟನ್ನು ಬಿಟ್ಟು, ಬಾವಿಯ ರಾಟೆಯನ್ನು ತಿರುಗದ ಹಾಗೆ ಬಿಗಿದಿತ್ತು. ಲಿಲ್ಲಿಬಾಯಿಯ ಗೇಟಿನ ಸರಳುಗಳ ನಡುವಿನ ಸಂದನ್ನೆಲ್ಲ ತುಂಬಿ, ಹಸಿರುಗಪ್ಪು ಬಣ್ಣದ ಹೊಳೆಯುವ ಹಲಗೆ ಮಾಡಿತ್ತು. ನನ್ನ ಮನೆಯ ಹೊರಗಿನ ನಲ್ಲಿಯ ಬಾಯಿ ಮುಚ್ಚಿತ್ತು. ಯಂತ್ರದ ಮೂತಿಯನ್ನೂ ಬಿಟ್ಟಿರಲಿಲ್ಲ. ಹುಟ್ಟಿಸಿದವರನ್ನೇ ಮೊದಲು ಸುಮ್ಮನಾಗಿಸಿತ್ತು.

“ಎಂಥ ಕೆಲಸ” ಎಂದರು ಭಾವ, ಗೇಟನ್ನು ಸವರುತ್ತಾ. “ಹೇಳದೆ ಕೇಳದೆ ಮಾಡಿದೆ.”

“ನಾನು ಹೊರಗೆ ಬರುದು ಹೇಗೆ?” ಎಂದು ಒಳಗಿಂದ ಲಿಲ್ಲಿಬಾಯಿ ಕೇಳಿದರು.

“ಏಣಿ ಉಂಟಾ?”

“ಕಬ್ಬಿಣದ ಏಣಿ. ಅದಕ್ಕೂ ಮೆಟ್ಟಿಲು ಇಲ್ಲ ಈಗ. ಇಡೀ ಒಂದು ಹಲಗೆ.”

ಅಕ್ಕ ಅಡುಗೆಮನೆಯಿಂದ ಹೊರಗೆ ಬಂದಳು. ಅವಳ ಕೈಯಲ್ಲಿ ಗ್ಯಾಸ್ ಒಲೆ ಇತ್ತು, ಒಲೆಗೆ ದೋಸೆಯ ಕಾವಲಿ ಅಂಟಿಕೊಂಡಿತ್ತು. ಅದು ಅಮ್ಮನ ಕಾಲದ ಕಬ್ಬಿಣದ ಕಾವಲಿ. ಅಕ್ಕ ಅದನ್ನು ಭಾವನ ಮುಂದೆ ಹಿಡಿದು ನಿಂತಳು. ಅವಳು ಬೈದಿದ್ದರೆ ನಮಗೆಲ್ಲ ಸಮಾಧಾನವಾಗುತ್ತಿತ್ತು.

“ಸರಿ ಮಾಡ್ತೇನೆ” ಎಂದರು ಭಾವ.

“ಕಾರಿನ ತುಕ್ಕು ಮುಗೀತಲ್ಲ” ಎಂದಳು ಅಕ್ಕ.

“ಮುಗೀತು. ಆದ್ರೆ ಒಳಗೆ, ಡೋರಿನ ಒಳಗೆ, ಕಣ್ಣಿಗೆ ಕಾಣದ್ದು ಉಂಟಲ್ಲ. ಅದು ನೋಡ್ಬೇಕು. ಸ್ವಲ್ಪ ತಡಿ.”

ಅಕ್ಕ ಒಲೆಯನ್ನು ಕಟ್ಟೆಯ ಮೇಲಿಟ್ಟಳು. ಭಾವ ಅಂಗಿ ಬಿಚ್ಚಿ, ಕಾರಿನ ಬದಿಯ ಕನ್ನಡಿಗೆ ನೇತುಹಾಕಿ, ಹಾರೆ ಹಿಡಿದು ಲಿಲ್ಲಿಬಾಯಿಯ ಗೇಟಿನ ಕಡೆಗೆ ನಡೆದರು. ನಾನೂ ಹೋದೆ. ಹಾರೆಯ ಪೆಟ್ಟು ಬಿದ್ದಷ್ಟೂ ಗೇಟು ಇನ್ನಷ್ಟು ಬಿಗಿಯಾಗುತ್ತಿತ್ತು. ಸಂದಿನಲ್ಲಿ ಉಳಿದಿದ್ದ ಒಂದು ಕಂಡಿಯೂ ನಮ್ಮ ಕಣ್ಣೆದುರೇ ಮುಚ್ಚಿತು. ಲಿಲ್ಲಿಬಾಯಿ ಒಳಗಿಂದ, ತಾವು ಜಪಸರ ಹಿಡಿದಿರುವುದಾಗಿಯೂ, ಇಲ್ಲದಿದ್ದರೆ ಏನು ಹೇಳುತ್ತಿದ್ದರೆಂದು ಭಾವ ಊಹಿಸಿಕೊಳ್ಳಬೇಕೆಂದೂ ಹೇಳಿದರು.

ಆಗ ಹಿಂದಿನಿಂದ ಕಾರಿನ ಡೋರು ಮುಚ್ಚಿದ ಶಬ್ದ ಕೇಳಿತು.

ತಿರುಗಿ ನೋಡಿದರೆ ಅಕ್ಕ ಬಲಗಡೆಯ ಸೀಟಿನಲ್ಲಿ ಕೂತಿದ್ದಳು. ಭಾವನ ಅಂಗಿ ಕನ್ನಡಿಯಲ್ಲಿ ಇರಲಿಲ್ಲ, ಅಕ್ಕನ ಮಡಿಲಲ್ಲಿತ್ತು. ಕೀ ಅದರ ಜಾಗದಲ್ಲಿ ಹೊಕ್ಕಿತ್ತು. ಅವಳು ಸ್ಟಾರ್ಟ್ ಮಾಡಿರಲಿಲ್ಲ. ಎರಡೂ ಕೈ ಸ್ಟೇರಿಂಗಿನ ಮೇಲಿಟ್ಟು ಸುಮ್ಮನೆ ಎದುರು ನೋಡುತ್ತಿದ್ದಳು. ಅವಳನ್ನು ಅಷ್ಟು ಸುಖವಾಗಿ ನಾನು ಅವಳ ಮದುವೆಯಲ್ಲೂ ನೋಡಿರಲಿಲ್ಲ.

ಭಾವ ಓಡಿದರು. “ಇಳಿ ಸುಗಂಧಿ. ಇಳಿ, ಇಳಿ. ಅದರಲ್ಲಿ ಕೂತುಕೊಳ್ಳಬಾರದು.”

ಡೋರಿನ ಹಿಡಿ ಎಳೆದರು. ಡೋರು ಅಲುಗಲಿಲ್ಲ. ಡೋರಿನ ಸುತ್ತಲಿನ ಸಂದು ಹಸಿರುಗಪ್ಪು ಗೆರೆಯಾಗಿ ಕೂಡಿಕೊಳ್ಳುತ್ತಿತ್ತು. ಲೇಪ ಡೋರಿನ ಒಳಗಿನ ತುಕ್ಕನ್ನೂ ಆಗಲೇ ಹುಡುಕಿ ಬಂದಿತ್ತು. ಈಗ ಅದಕ್ಕೆ ಕಂಡದ್ದು ಡೋರಿನ ಸಂದು. ಅದರ ಲೆಕ್ಕದಲ್ಲಿ ಅದೂ ಒಂದು ಒಡಕು. ನಾಲ್ಕೂ ಡೋರುಗಳು, ಬಾನೆಟ್ಟು, ಡಿಕ್ಕಿ, ಕಿಟಕಿಯ ಗಾಜಿನ ಅಂಚು, ಒಂದರ ಹಿಂದೊಂದು ಮುಚ್ಚಿಕೊಂಡವು. ಇಡೀ ಫಿಯೆಟ್ಟು ದೊಡ್ಡ ಪಚ್ಚಿಲೆಯ ಹಾಗೆ ಬಾಯಿ ಬಿಗಿಯಿತು.

ತೆರೆದಿದ್ದದ್ದು ಒಂದೇ. ಅಕ್ಕನ ಬದಿಯ ಮುಂದಿನ ಡೋರಿನ ಮೂಲೆಯ ತ್ರಿಕೋನದ ಪುಟ್ಟ ಗಾಜು. ಅದು ಅಪ್ಪನ ಕಾಲದಲ್ಲೇ ಅರ್ಧ ತೆರೆದು, ತುಕ್ಕು ಹಿಡಿದು, ಹಾಗೇ ನಿಂತುಬಿಟ್ಟಿತ್ತು. ಅಕ್ಕನ ಬಾಯಿ ಅಲ್ಲಿ ಕಾಣಿಸಿತು.

“ಡೋರು ತೆರಿಲಿಕ್ಕೆ ಆಗುದಿಲ್ಲ ಇವ್ರೆ.”

“ಗೊತ್ತಾಯ್ತು. ಹೆದರಬೇಡ.”

“ನಾನು ಹೆದರ್ಲಿಲ್ಲ. ಬೆವರುದು ನೀವು.”

ಭಾವ ಮೀನು ಕೊಯ್ಯುವ ಕತ್ತಿ ತಂದು ಸಂದಿಗೆ ತೂರಿಸಲು ನೋಡಿದರು, ತುದಿ ಮುರಿಯಿತು. ಸೀಮೆಎಣ್ಣೆ ಸುರಿದರು, ಲೇಪ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಹಾರೆಯಿಂದ ಒಂದು ಪೆಟ್ಟು ಹಾಕಿದಾಗ ಡೋರಿನ ಗೆರೆ ಕಿರ್ರೆಂದು ಇನ್ನೂ ಒಂದು ಕೂದಲೆಳೆ ಒಳಕ್ಕೆ ಹೋಯಿತು.

“ಬಡಿಬೇಡಿ” ಎಂದಳು ಅಕ್ಕ. “ಬಡಿದ್ರೆ ಬಿಗಿತದೆ ಅದು.”

“ನಾನು ಮಾಡಿದ್ದು ಅದು. ನನಗೆ ಗೊತ್ತು.”

“ನೀವು ಮಾಡಿದ್ದು ಹೌದು. ಗೊತ್ತಿರುದು ಬೇರೆ.”

ಲಿಲ್ಲಿಬಾಯಿ ಅಷ್ಟರಲ್ಲಿ ತೆಂಗಿನ ಗರಿಗಳ ರಾಶಿ ಏರಿ ಗೋಡೆ ಹಾರಿ ಬಂದರು. ಆ ವಯಸ್ಸಿನಲ್ಲಿ ಗೋಡೆ ಹಾರಿದವರನ್ನು ನಾವು ಹೊಗಳಬೇಕಿತ್ತು, ಯಾರಿಗೂ ಪುರಸೊತ್ತಿರಲಿಲ್ಲ. ಅವರು ನೇರ ಕಾರಿನ ಬಳಿಗೆ ಹೋಗಿ ಆ ಪುಟ್ಟ ಕಿಟಕಿಯನ್ನು ನೋಡಿ, “ಇದೂ ಮುಚ್ತಾ ಉಂಟು” ಎಂದರು.

ನಿಜ. ಅಂಗೈ ಅಗಲ ಇದ್ದ ಕಂಡಿ ಈಗ ಮೂರು ಬೆರಳಿನಷ್ಟಿತ್ತು. ಗಾಜಿನ ತಿರುಗಣಿಯ ತುಕ್ಕನ್ನು ತಿಂದು ಮುಗಿಸಿದ ಲೇಪ, ಅರ್ಧ ಶತಮಾನದಿಂದ ಯಾರಿಗೂ ಮುಚ್ಚಲಾಗದ ಕಿಟಕಿಯನ್ನು ಮೆಲ್ಲಗೆ ಮುಚ್ಚುತ್ತಿತ್ತು.

ನನಗೆ ಆಗ ನಿಜಕ್ಕೂ ಹೆದರಿಕೆಯಾಯಿತು. ಅಡಿಯಲ್ಲಿ ತೂತಿಲ್ಲ, ಸುತ್ತ ಸಂದಿಲ್ಲ. ಆ ಕಂಡಿ ಮುಚ್ಚಿದರೆ ಅಕ್ಕನಿಗೆ ಉಸಿರಾಡಲು ಕಾರಿನೊಳಗಿನ ಗಾಳಿ ಎಷ್ಟಿದೆಯೋ ಅಷ್ಟೇ. ಭಾವ ಸುತ್ತಿಗೆ ಹಿಡಿದು ಮುಂದಿನ ಗಾಜಿನ ಎದುರು ನಿಂತರು. ಆ ಗಾಜು ಒಡೆದರೆ ಮತ್ತೊಂದು ಸಿಗುವುದಿಲ್ಲವೆಂದು ಅವರೇ ವರ್ಷವರ್ಷ ಹೇಳುತ್ತಿದ್ದರು. ಅದನ್ನು ಯಾರಿಗೂ ಒರೆಸಲು ಕೂಡ ಬಿಡುತ್ತಿರಲಿಲ್ಲ.

“ಮುಖ ಮುಚ್ಚಿಕೊ ಸುಗಂಧಿ. ಗಾಜು ಹಾರ್ತದೆ.”

“ಅಪ್ಪನ ಕಾರಿನ ಗಾಜು ಒಡಿಬೇಡಿ.”

“ಕಾರು ಹೊಳೆಗೆ ಬೀಳಲಿ” ಎಂದರು ಭಾವ. “ನನಗೆ ಕಾರು ಬೇಕಾ? ಈ ಕಾರಿನ ಅಡಿ ನೋಡಿದ್ದೀಯಾ ನೀನು? ನಿನ್ನ ಕಾಲಡಿಯ ತಗಡು ಹಪ್ಪಳದ ಹಾಗೆ ಇತ್ತು. ನನ್ನ ತಮ್ಮ ಹೋದದ್ದು ಹೇಗೆ? ದೋಣಿ ಗಟ್ಟಿ ಉಂಟು ಅಂತ ಹೇಳಿ ಕಳಿಸಿದ್ದು ನಾನು. ಅಳಿವೆ ದಾಟಿ ಕಡಲಿಗೆ ಹೋಗುವಾಗ ಅಡಿ ಬಿಟ್ಟಿತು. ಮತ್ತೆ ನಿನ್ನನ್ನು ಇದರಲ್ಲಿ ಹೇಗೆ ಕಳಿಸುದು?”

ಅವರ ತಮ್ಮ ನೀರುಪಾಲಾದದ್ದು ನಮಗೆಲ್ಲ ಗೊತ್ತಿತ್ತು. ಆ ದೋಣಿಯ ಅಡಿಯನ್ನು ನೋಡಿ ಒಪ್ಪಿದವರು ಭಾವ ಎಂದು ನನಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ಅವರನ್ನು ನಾನು ಜಿಪುಣ, ಹಟಮಾರಿ ಎಂದುಕೊಂಡಿದ್ದೆ. ಹಟಮಾರಿ ಎಂಬುದು ಈಗಲೂ ನಿಜ.

ಅಕ್ಕ ಗಾಜಿನ ಆಚೆಯಿಂದ ಅವರನ್ನೇ ನೋಡಿದಳು. ಅವಳ ಕಣ್ಣಲ್ಲಿ ನೀರಿತ್ತು.

“ಇದನ್ನು ಬಾಯಿ ಬಿಟ್ಟು ಹೇಳಬಹುದಿತ್ತಲ್ಲ” ಎಂದಳು.

“ಹೇಗೆ ಹೇಳುದು?”

“ಈಗ ಹೇಳಿದ ಹಾಗೆ.” ಅವಳು ಮೂಗು ಒರೆಸಿಕೊಂಡಳು, ಅವರದೇ ಅಂಗಿಯಲ್ಲಿ. “ಸುತ್ತಿಗೆ ಕೆಳಗೆ ಇಡಿ. ನಾನು ಪಚ್ಚಿಲೆ ತೊಳಿಲಿಕ್ಕೆ ಶುರು ಮಾಡಿ ಎಷ್ಟು ವರ್ಷ ಆಯ್ತು? ಮಾರ್ಕೆಟಿಂದ ತಂದಾಗ ಬಾಯಿ ಬಿಗಿದಿರ್ತದೆ. ಬಡಿದ್ರೆ ಇನ್ನೂ ಬಿಗಿತದೆ. ಉಪ್ಪು ನೀರಲ್ಲಿ ಹಾಕಿ ಸುಮ್ಮನೆ ಬಿಟ್ರೆ ತಾನಾಗಿ ಬಾಯಿ ಬಿಡ್ತದೆ. ಹೊಳೆಗೆ ಉಪ್ಪುನೀರಿನ ಉಬ್ಬರ ಯಾವಾಗ ಇವತ್ತು?”

ಭಾವ ಹೊಳೆಯ ಕಡೆ ನೋಡಿದರು. “ಈಗ ಏರ್ತಾ ಉಂಟು. ಬಕೆಟಲ್ಲಿ ತರ್ತೇನೆ, ಎಷ್ಟು ಬೇಕಾದ್ರೂ ತರ್ತೇನೆ.”

“ಬಕೆಟ್ಟಿಗೂ ನಿಮ್ಮ ಲೇಪ ಹಿಡಿದು ಮುಚ್ಚಳ ಆಗಿದೆ” ಎಂದರು ಲಿಲ್ಲಿಬಾಯಿ.

“ದೋಣಿ ಹೊಳೆಗೆ ಇಳಿಸುವ ಜಾರಿನವರೆಗೆ ಕಾರೇ ಹೋಗ್ಬೇಕು” ಎಂದಳು ಅಕ್ಕ.

“ದೂಡುವ. ಜನ ಕರಿತೇನೆ.”

“ಯಾಕೆ ದೂಡುದು? ಇಂಜಿನ್ ಉಂಟಲ್ಲ.”

“ಸ್ಟೇರಿಂಗ್ ಹಿಡಿಲಿಕ್ಕೆ ಯಾರಿದ್ದಾರೆ ಒಳಗೆ?”

ಲಿಲ್ಲಿಬಾಯಿ ಉತ್ತರಿಸಿದರು. “ಲೈಸೆನ್ಸ್ ಉಂಟು ಅವರಿಗೆ ಧೂಮಪ್ಪಣ್ಣ. ಮೊದಲನೇ ಸಲಕ್ಕೇ ಪಾಸ್. ಎಂಟು ಹಾಕ್ಲಿಕ್ಕೆ ಹೇಳಿದ್ರೆ ಹಾಕಿ ತೋರಿಸಿದ್ದಾರೆ.”

ಭಾವ ಲಿಲ್ಲಿಬಾಯಿಯನ್ನು ನೋಡಿದರು, ನನ್ನನ್ನು ನೋಡಿದರು. ನಾನು ತೆಂಗಿನ ಮರ ನೋಡಿದೆ.

“ಭಜನೆ?” ಎಂದರು.

“ಅದೂ ಮಾಡಿದ್ದೇವೆ” ಎಂದರು ಲಿಲ್ಲಿಬಾಯಿ. “ಗೇರು ಹಾಕುವಾಗೆಲ್ಲ.”

ಅಕ್ಕ ಕೀ ತಿರುಗಿಸಿದಳು. ಇಂಜಿನ್ ಎರಡು ಸಲ ಕೊಸರಾಡಿತು, ಮೂರನೆಯ ಸಲ ಉಬ್ಬಸ ಬಂದವರ ಹಾಗೆ ಎಳೆಯಿತು. ಸೈಲೆನ್ಸರಿನಲ್ಲಿ ತೆಂಗಿನ ಸಿಪ್ಪೆ ಹಾಗೆಯೇ ಇದೆಯೆಂದು ನೆನಪಾಗಿ ನಾನು ಹಿಂದಕ್ಕೆ ಸರಿಯುವಷ್ಟರಲ್ಲಿ ಅದು ಢಬ್ಬೆಂದು ಹಾರಿ, ನನ್ನ ಕಿವಿಯ ಪಕ್ಕದಿಂದ ಹೋಗಿ, ಬಾವಿಯ ಕಟ್ಟೆ, ತುಳಸಿ, ಗೋಡೆ ಎಲ್ಲ ದಾಟಿ ಕಡಲ ಕಡೆಗೆ ಕಾಣೆಯಾಯಿತು. ಇಂಜಿನ್ ಸರಾಗವಾಯಿತು. ಅಷ್ಟು ಹೊತ್ತಿಗೆ ಪುಟ್ಟ ಕಿಟಕಿಯಲ್ಲಿ ಉಳಿದದ್ದು ಒಂದು ಬೆರಳು ಹೋಗುವಷ್ಟು ಜಾಗ.

“ಕ್ಲಚ್ಚು ಮೆಲ್ಲ ಬಿಡು” ಎಂದು ಭಾವ ಆ ಬೆರಳಗಲದ ಜಾಗಕ್ಕೆ ಬಾಯಿಟ್ಟು ಕೂಗಿದರು. “ದಿಮ್ಮಿಯ ಮೇಲಿಂದ ಇಳಿಯುವಾಗ ಎಡಕ್ಕೆ ತಿರುಗಿಸಬೇಡ. ಗೇಟಿನ ಹತ್ತಿರ ಬಲಗಡೆ ಕಲ್ಲು ಉಂಟು.” ಕಿಟಕಿ ಮುಚ್ಚಿಕೊಂಡಿತು. ಅವರು ಇನ್ನೂ ಹೇಳುತ್ತಲೇ ಇದ್ದರು.

ಕಾರು ದಿಮ್ಮಿಗಳ ಮೇಲಿಂದ ನೀಟಾಗಿ ಇಳಿಯಿತು. ಗೇಟಿನ ಕಲ್ಲನ್ನು ತಪ್ಪಿಸಿತು. ರಸ್ತೆಗೆ ತಿರುಗುವ ಮೊದಲು, ಕೋಡಿಯಲ್ಲಿ ಬೇರೆ ಒಂದೂ ಗಾಡಿ ಇಲ್ಲದಿದ್ದರೂ, ಅಕ್ಕ ಇಂಡಿಕೇಟರ್ ಹಾಕಿದಳು.

ಭಾವ ಬರಿಮೈಯಲ್ಲಿ ಕಾರಿನ ಮುಂದೆ ಓಡುತ್ತಾ, ಹಿಂದಕ್ಕೆ ತಿರುಗಿ ಎರಡೂ ಕೈಯಿಂದ ನಿಧಾನ, ನಿಧಾನ ಎಂದು ಸನ್ನೆ ಮಾಡುತ್ತಿದ್ದರು. ಅಕ್ಕ ಹಾರ್ನ್ ಹಾಕಿದಳು. ಹಾರ್ನಿಗೂ ಲೇಪ ಹಿಡಿದಿದ್ದರಿಂದ ಅದು ನೀರೊಳಗೆ ಯಾರೋ ಶಂಖ ಊದಿದ ಹಾಗೆ ಕೇಳಿತು. ಭಾವ ಬದಿಗೆ ಹಾರಿದರು. ಅಕ್ಕ ಅವರನ್ನು ದಾಟಿ ಮುಂದೆ ಹೋದಳು. ನಾನೂ ಲಿಲ್ಲಿಬಾಯಿಯೂ ಹಿಂದಿನಿಂದ ಓಡಿದೆವು. ಬಲೆ ಹೊಲಿಯುತ್ತಿದ್ದವರು ಎದ್ದು ನಿಂತು ನೋಡಿದರು. ಎಷ್ಟೋ ವರ್ಷಗಳಿಂದ ಗೇಟಿನವರೆಗೆ ಮಾತ್ರ ಬರುತ್ತಿದ್ದ ಕಾರು ಗೇಟು ದಾಟಿದ್ದೇ ಅವರಿಗೆ ದೊಡ್ಡ ಸುದ್ದಿ. ಅದನ್ನು ಬಿಡುತ್ತಿದ್ದವರು ಯಾರೆಂದು ಕಂಡ ಮೇಲೆ ಕೆಲವರು ಸೂಜಿಯನ್ನು ಕೆಳಗಿಟ್ಟರು.

ಜಾರಿನಲ್ಲಿ ಉಬ್ಬರದ ನೀರು ಮೇಲಿನವರೆಗೆ ಬಂದಿತ್ತು. ಅಕ್ಕ ಕಾರನ್ನು ಅಳೆದ ಹಾಗೆ ಇಳಿಸಿ, ಚಕ್ರ ಮುಳುಗಿ ಡೋರಿನ ಅಡಿಗೆ ನೀರು ತಾಗುವಲ್ಲಿ ನಿಲ್ಲಿಸಿದಳು. ಹ್ಯಾಂಡ್‌ಬ್ರೇಕ್ ಹಾಕಿದಳು. ಭಾವ ಬಂದವರೇ ಸೊಂಟದವರೆಗೆ ನೀರಿಗಿಳಿದು, ಬೊಗಸೆಯಲ್ಲಿ ನೀರೆತ್ತಿ ಡೋರಿನ ಸಂದಿಗೆ ಹಾಕತೊಡಗಿದರು. ಬಡಿಯಲಿಲ್ಲ, ಎಳೆಯಲಿಲ್ಲ. ಗಾಜಿಗೆ ಅಂಗೈ ಇಟ್ಟು, “ಆಯ್ತು, ಆಯ್ತು, ಈಗ ಬಿಡ್ತದೆ” ಎನ್ನುತ್ತಿದ್ದರು. ಲೇಪಕ್ಕೆ ಹೇಳಿದ್ದೋ ಅಕ್ಕನಿಗೆ ಹೇಳಿದ್ದೋ ಗೊತ್ತಾಗಲಿಲ್ಲ. ಒಳಗೆ ಅಕ್ಕ ಕಣ್ಣು ಮುಚ್ಚಿ ಸಣ್ಣಗೆ ಉಸಿರಾಡುತ್ತಿದ್ದಳು. ಗಾಜು ಮಂಜಾಗುತ್ತಿತ್ತು.

ಆಮೇಲೆ ಕಾರು ನಿಟ್ಟುಸಿರು ಬಿಟ್ಟಿತು. ಸುಳ್ಳಲ್ಲ, ಎಲ್ಲರೂ ಕೇಳಿದ್ದಾರೆ. ಹಸಿರುಗಪ್ಪು ಗೆರೆ ಮೆತ್ತಗಾಗಿ, ನಾಲ್ಕೂ ಡೋರುಗಳು ಒಟ್ಟಿಗೆ ಮೆಲ್ಲನೆ ತೆರೆದುಕೊಂಡವು. ಬಾನೆಟ್ಟು ತೆರೆಯಿತು, ಡಿಕ್ಕಿ ತೆರೆಯಿತು, ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆರೆಯಿತು, ಪುಟ್ಟ ಕಿಟಕಿಯೂ ತೆರೆಯಿತು. ಅಕ್ಕ ದೊಡ್ಡದೊಂದು ಉಸಿರೆಳೆದುಕೊಂಡಳು. ಭಾವ ಅವಳ ಕೈ ಹಿಡಿದುಕೊಂಡು ನೀರಿನಲ್ಲೇ ನಿಂತರು. ಊರಿನವರ ಎದುರು ಅವರು ಅಕ್ಕನ ಕೈ ಹಿಡಿದದ್ದು ಧಾರೆಯ ದಿನ ಬಿಟ್ಟರೆ ಅದೇ ಮೊದಲು.

“ಇಳಿ ಸುಗಂಧಿ” ಎಂದರು. “ನಾನು ಮನೆಗೆ ಕೊಂಡುಹೋಗ್ತೇನೆ.”

ಅಕ್ಕ ಕಾಲಡಿಯ ತಗಡನ್ನು ಹಿಮ್ಮಡಿಯಿಂದ ಒಮ್ಮೆ ಗುದ್ದಿದಳು. ಬಂಡೆಯ ಹಾಗಿತ್ತು. ಹೊಳೆಯಲ್ಲಿ ನಿಂತಿದ್ದರೂ ಆ ತಗಡಿನಿಂದ ಒಂದು ಹನಿ ನೀರು ಒಳಗೆ ಬಂದಿರಲಿಲ್ಲ.

“ಅಡಿ ಗಟ್ಟಿ ಉಂಟಾ?” ಎಂದು ಕೇಳಿದಳು.

ಭಾವ ಬಗ್ಗಿ, ನೀರೊಳಗೆ ಕೈ ಹಾಕಿ, ಕಾರಿನ ಅಡಿಯನ್ನು ಉದ್ದಕ್ಕೂ ಸವರಿ ನೋಡಿದರು. ಬಹಳ ಹೊತ್ತು ನೋಡಿದರು. ಎದ್ದು ನಿಂತಾಗ ಅವರ ಗಲ್ಲದಿಂದ ನೀರು ತೊಟ್ಟಿಕ್ಕುತ್ತಿತ್ತು.

“ಗಟ್ಟಿ ಉಂಟು” ಎಂದರು. ಆ ಮಾತನ್ನು ಅವರು ತಮ್ಮ ಹೋದ ಮೇಲೆ ಯಾರಿಗೂ ಹೇಳಿರಲಿಲ್ಲವಂತೆ, ಅಕ್ಕ ಆಮೇಲೆ ನನಗೆ ಹೇಳಿದಳು.

“ಹಾಗಾದ್ರೆ ನೀವು ಹತ್ತಿ.”

ಭಾವ ಸುತ್ತು ಹಾಕಿ ಎಡಗಡೆಗೆ ಹೋಗಿ ಕೂತರು. ಅಕ್ಕ ಅಂಗಿ ಕೊಟ್ಟಳು. ಇಗರ್ಜಿ ತಪ್ಪಿದ್ದರಿಂದ ಪೇಟೆಗಾದರೂ ಹೋಗಿ ಬರುತ್ತೇನೆಂದು ಲಿಲ್ಲಿಬಾಯಿ ಹಿಂದೆ ಹತ್ತಿದರು. ನನ್ನನ್ನು ಯಾರೂ ಕರೆಯಲಿಲ್ಲ, ನಾನೂ ಹತ್ತಿದೆ. ಊರಿನವರು ಬಾನೆಟ್ಟು, ಡಿಕ್ಕಿ, ಪೆಟ್ರೋಲಿನ ಮುಚ್ಚಳ ಮುಚ್ಚಿಕೊಟ್ಟರು. ಅಕ್ಕ ರಿವರ್ಸ್ ಗೇರು ಹಾಕಿ ಕಾರನ್ನು ನೀರಿನಿಂದ ಮೇಲೆ ತಂದಳು. ಬಿಸಿಲು ಬಿತ್ತು, ಗಾಳಿ ಬೀಸಿತು, ಸಂದುಗಳ ನೀರು ಆರಿತು. ನಾಲ್ಕೂ ಡೋರುಗಳು ಕಿರ್ರೆಂದು ಬಿಗಿದುಕೊಂಡವು.

ಭಾವ ತಕ್ಷಣ ಕಾಲಿನ ಚಪ್ಪಲಿ ತೆಗೆದು, ಅಕ್ಕನ ಬದಿಗೆ ಕೈ ಚಾಚಿ, ಪುಟ್ಟ ಕಿಟಕಿಯ ಸಂದಿಗೆ ತುರುಕಿದರು. ಗಾಳಿಗೇನೂ ತೊಂದರೆಯಾಗಲಿಲ್ಲ. ಅವರು ಮಾಡಿದ ಸಂಶೋಧನೆಗಳಲ್ಲಿ ಎಣಿಸಿದ ಹಾಗೆ ಕೆಲಸ ಮಾಡಿದ್ದು ಅದೊಂದೇ.

“ಇನ್ನು ಇಳಿಯುದು ಹೇಗೆ?” ಎಂದು ಲಿಲ್ಲಿಬಾಯಿ ಕೇಳಿದರು.

“ಮುಂದಿನ ಉಬ್ಬರಕ್ಕೆ” ಎಂದರು ಭಾವ, ಸಣ್ಣ ದನಿಯಲ್ಲಿ. “ರಾತ್ರಿ.”

ಕೋಡಿಯ ರಸ್ತೆ ಮುಗಿದು ಹೆದ್ದಾರಿ ಬಂದಾಗ ಅಕ್ಕ ಇಂಡಿಕೇಟರ್ ಹಾಕಿ, ಎರಡೂ ಕಡೆ ನೋಡಿ, ಕಡಲಿಗೆ ಬೆನ್ನು ಹಾಕಿ ಮೂಡಣ ದಿಕ್ಕಿಗೆ ತಿರುಗಿಸಿದಳು. ಎಲ್ಲಿಗೆ ಹೋಗುವುದು ಎಂದು ಭಾವ ಕೇಳಿದರು. ಗೊತ್ತಿಲ್ಲ, ಘಟ್ಟದ ಬುಡದವರೆಗೆ ಹೋಗಿ ನೋಡುವ ಎಂದಳು. ಆಮೇಲೆ ಭಾವ ಅವಳ ಡ್ರೈವಿಂಗಿನಲ್ಲಿ ಹನ್ನೊಂದು ತಪ್ಪು ಹಿಡಿದರು. ಇಳಿದು ಹೋಗುತ್ತೇನೆಂದು ಎರಡು ಸಲ ಹೆದರಿಸಿದರು ಕೂಡ.

ಲಿಲ್ಲಿಬಾಯಿಯ ಗೇಟನ್ನು ಕೊಡಪಾನ ಕೊಡಪಾನ ಹೊಳೆನೀರು ಹೊಯ್ದು ಬಿಡಿಸಿದ್ದಾಯಿತು. ಕಾವಲಿಯನ್ನೂ ಹಾಗೆಯೇ. ಕಾರಿಗೆ ಮಾತ್ರ ಅಕ್ಕ ಏನೂ ಮಾಡಗೊಡಲಿಲ್ಲ. ಈಗ ಅದು ಜಾರಿನ ಬಳಿಯಲ್ಲೇ ಇರುತ್ತದೆ. ಉಬ್ಬರ ಬಂದಾಗ ತಾನಾಗಿ ಡೋರು ತೆರೆಯುತ್ತದೆ, ಅಕ್ಕ ಹತ್ತುತ್ತಾಳೆ, ಭಾವ ಎಡಗಡೆಗೆ ಹತ್ತುತ್ತಾರೆ. ತುಕ್ಕು ಹುಡುಕಿದರೂ ಸಿಗುವುದಿಲ್ಲ. ಭಾವನ ಯಂತ್ರ ಗೆದ್ದಿತೋ ಸೋತಿತೋ ಎಂದು ಕೇಳುವವರಿಗೆ ನಾನು ಹೇಳುವುದಿಷ್ಟೇ: ಅದನ್ನು ಭಾವನನ್ನೇ ಕೇಳಬೇಕು, ಆದರೆ ಅವರು ಮನೆಯಲ್ಲಿ ಸಿಗುವುದು ಕಡಿಮೆ.